ಕೆಂಪು ಶಾಯಿಯ ಒಂದು ಗೆರೆ

ಬಿ.ಎ. ಎರಡನೇ ವರ್ಷದ ಒಂದು ಟೆಸ್ಟ್ ಪೇಪರ್ ಇವತ್ತಿಗೂ ನನ್ನ ಹತ್ತಿರ ಇದೆ. ‘ಬ್ರಿಟನ್ನಿನ ಪ್ರಧಾನಿ ಕ್ಲೆಮೆಂಟ್ ಅಟ್ಲಿ ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟರು’ ಎಂದು ಅದರಲ್ಲಿ ಬರೆದಿದ್ದೆ. ನಮ್ಮ ಇತಿಹಾಸದ ಸರ್ ‘ಕೊಟ್ಟರು’ ಎಂಬುದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದ್ದರು. ಪೇಪರ್ ಹಂಚುವಾಗ ನನ್ನನ್ನು ನಿಲ್ಲಿಸಿ ಕೇಳಿದರು: “ಕೊಟ್ಟರು ಅಂತ ಯಾಕ ಬರದಿ ತಮ್ಮಾ? ಅದೇನು ಅವರ ಮನಿ ಆಸ್ತಿ ಆಗಿತ್ತೇನು?”

ಸಿಲಬಸ್‌ನಲ್ಲಿ ಅಟ್ಲಿಗೆ ಇದ್ದದ್ದು ಅರ್ಧ ಪುಟ. ಸರ್ ಎರಡು ಪೀರಿಯಡ್ ಮಾತಾಡಿದರು.

ಶುರು ಮಾಡಿದ್ದು ಕಿತ್ತೂರಿನಿಂದ. 1824ರಲ್ಲಿ ಚೆನ್ನಮ್ಮನ ಕಡೆಯವರು ವಾಲ್ಟರ್ ಎಲಿಯಟ್‌ನನ್ನು ಸೆರೆ ಹಿಡಿದರು ಅಲ್ವಾ? ಆ ಎಲಿಯಟ್ ಓದಿದ್ದು ಇಂಗ್ಲೆಂಡಿನ ಹೇಲಿಬರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜು ಅದು. ಕಂಪನಿಯ ಆಳ್ವಿಕೆ ಮುಗಿದ ಮೇಲೆ, 1862ರಲ್ಲಿ, ಅದೇ ಜಾಗದಲ್ಲಿ ಒಂದು ಶಾಲೆ ಶುರುವಾಯಿತು. 1883ರಲ್ಲಿ ಹುಟ್ಟಿದ ಅಟ್ಲಿ ಆ ಶಾಲೆಯ ಹುಡುಗ. ಇದನ್ನು ಕೇಳಿದಾಗ ಮೈ ಜುಮ್ಮೆಂದದ್ದು ನನಗೆ ಈಗಲೂ ನೆನಪಿದೆ.

ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿ ವಕೀಲರಾದಾಗಲೂ ಅವರು ಹಳೆಯ ಸಂಪ್ರದಾಯದ ಮನುಷ್ಯನೇ. ಬದಲಾದದ್ದು ಸ್ಟೆಪ್ನಿಯಲ್ಲಿ. ಅದು ಲಂಡನ್ನಿನ ಪೂರ್ವಕ್ಕಿದ್ದ ಬಡವರ ಪೇಟೆ. ಅಲ್ಲಿನ ಹುಡುಗರಿಗಾಗಿ ಹೇಲಿಬರಿಯವರೇ ಒಂದು ಕ್ಲಬ್ ನಡೆಸುತ್ತಿದ್ದರು. 1905ರಲ್ಲಿ ಸುಮ್ನೆ ನೋಡಲು ಹೋದ ಅಟ್ಲಿ, ಮುಂದೆ ಅದರ ಮ್ಯಾನೇಜರ್ ಆಗಿ ಅಲ್ಲೇ ವಾಸಕ್ಕೆ ನಿಂತರು. ದುಡಿದರೂ ಹೊಟ್ಟೆ ತುಂಬದ ಮನೆಗಳನ್ನು ಕಣ್ಣಾರೆ ಕಂಡರು. ದಾನದಿಂದ ಇದು ನೀಗುವುದಿಲ್ಲ ಎಂಬುದು ಅಲ್ಲಿ ಖಾತ್ರಿಯಾಯಿತು. ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಮೇಲೆ 1919ರಲ್ಲಿ ಅದೇ ಸ್ಟೆಪ್ನಿಯ ಮೇಯರ್ ಆದರು. 1922ರಲ್ಲಿ ಲೈಮ್‌ಹೌಸ್‌ನಿಂದ ಸಂಸತ್ತಿಗೆ ಹೋದರು. 1935ರಿಂದ 20 ವರ್ಷ ಲೇಬರ್ ಪಕ್ಷದ ನಾಯಕ. ಜಾಸ್ತಿ ಮಾತಿನವರಲ್ಲ.

1945ರ ಚುನಾವಣೆಯಲ್ಲಿ ಯುದ್ಧ ಗೆದ್ದ ಚರ್ಚಿಲ್ ಸೋತರು. ಲೇಬರ್‌ಗೆ 393 ಸ್ಥಾನ ಬಂತು, ಅಟ್ಲಿ ಪ್ರಧಾನಿಯಾದರು. ಖಜಾನೆ ಬರಿದಾಗಿತ್ತು, 1946ರಲ್ಲಿ ಬ್ರೆಡ್ಡಿಗೂ ರೇಷನ್ ಬಂತು. ಅಂಥ ಹೊತ್ತಿನಲ್ಲೇ, 1948ರ ಜುಲೈ 5ರಿಂದ, ಕಾಯಿಲೆ ಬಿದ್ದವರು ದುಡ್ಡು ಕೊಡದೆ ಡಾಕ್ಟರ ಹತ್ತಿರ ಹೋಗುವ ಹಾಗಾಯಿತು. ಆ ಕೆಲಸ ಹೊತ್ತವರು ಆರೋಗ್ಯ ಮಂತ್ರಿ ಬೆವನ್. ಇದನ್ನು ಹೇಳುವಾಗ ಸರ್ ಧ್ವನಿ ನಡುಗುತ್ತಿತ್ತು. ನನ್ನ ಮಟ್ಟಿಗೆ ಅಟ್ಲಿಯವರ ಎಲ್ಲ ಕೆಲಸಕ್ಕಿಂತ ದೊಡ್ಡದು ಇದೇ.

ಭಾರತದ ವಿಷಯ ಬಂದಾಗ ಸರ್ ಬಿಗಿಯಾದರು. 1928ರಲ್ಲಿ ನಮ್ಮವರು ಕಪ್ಪು ಬಾವುಟ ತೋರಿಸಿದ ಸೈಮನ್ ಆಯೋಗದಲ್ಲಿ ಅಟ್ಲಿಯೂ ಒಬ್ಬ ಸದಸ್ಯ. 1947ರ ಫೆಬ್ರುವರಿ 20ರಂದು, 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಎಂದು ಸಂಸತ್ತಿನಲ್ಲಿ ಹೇಳಿದವರೂ ಅವರೇ. ಆಮೇಲೆ ಅಷ್ಟು ದಿನವೂ ಕಾಯಲಿಲ್ಲ. ಜುಲೈ 18ಕ್ಕೆ ಕಾಯ್ದೆ, ಆಗಸ್ಟ್ 15ಕ್ಕೆ ಸ್ವಾತಂತ್ರ್ಯ. ಪಂಜಾಬ್ ಮತ್ತು ಬಂಗಾಳವನ್ನು ಸೀಳುವ ಗೆರೆ ಎಳೆಯಲು ಬ್ರಿಟಿಷ್ ವಕೀಲ ರ್‍ಯಾಡ್‌ಕ್ಲಿಫ್‌ಗೆ ಸಿಕ್ಕಿದ್ದು ಸುಮಾರು 5 ವಾರ. ಆ ಗೆರೆ ಎಲ್ಲಿದೆ ಎಂದು ಜನರಿಗೆ ತಿಳಿದದ್ದು ಆಗಸ್ಟ್ 17ರಂದು. ಅಷ್ಟರಲ್ಲಿ ಊರೂರೇ ಉರಿಯುತ್ತಿತ್ತು. “ಹೊರಟು ಹೋಗೂದು ಸರಿ ಇತ್ತು. ಹೋದ ರೀತಿ?” ಎಂದು ಕೇಳಿ ಸರ್ ಬಹಳ ಹೊತ್ತು ಕಿಟಕಿಯ ಆಚೆ ನೋಡಿದರು.

ಕಳೆದ ವರ್ಷ ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೈಲ್ ಎಂಡ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಅಟ್ಲಿಯವರ ಕಂಚಿನ ಪ್ರತಿಮೆ ಇದೆ. ಹಿಂದೆ ಅದು ಲೈಮ್‌ಹೌಸ್ ಲೈಬ್ರರಿಯ ಮುಂದೆ ಇತ್ತು. ಜೊತೆಗೆ ಬಂದಿದ್ದ ಮೊಮ್ಮಗಳು ಕೇಳಿದಳು, “ಅಜ್ಜಾ, ಇಂಡಿಯಾಕ್ಕೆ ಸ್ವಾತಂತ್ರ್ಯ ಕೊಟ್ಟವರು ಇವರೇ ಅಲ್ವಾ?”

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿತ್ತೂರಿನಿಂದ ಶುರು ಮಾಡಿದೆ.