ನೆಲದಡಿಯ ವಾರ್ಡು

ಕಲಬುರಗಿ, 12 ಮೇ 2025, ಸೋಮವಾರ

ಇಂದು ಶುಶ್ರೂಷಕಿಯರ ದಿನ. ಬೆಳಿಗ್ಗೆ ದೀಪ ಹಚ್ಚಿ, ಪ್ರತಿಜ್ಞೆ ಓದಿ ಮನೆಗೆ ಬಂದಾಗಿನಿಂದ ಫ್ರೆಂಚ್ ವಾಯುಪಡೆಯ ಶುಶ್ರೂಷಕಿ ಜೆನೆವಿಯೆವ್ ದ ಗಲಾರ್ ಅವರೇ ನೆನಪಾಗುತ್ತಿದ್ದಾರೆ. ಕಳೆದ ವರ್ಷ ಮೇ 30ರಂದು, 99ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

1954ರ ಮಾರ್ಚ್ 28ರಂದು ಗಾಯಾಳುಗಳನ್ನು ಕರೆದೊಯ್ಯಲು ವಿಯೆಟ್ನಾಮಿನಲ್ಲಿ ಫ್ರೆಂಚ್ ಸೇನೆಯ ದಿಯೆನ್ ಬಿಯೆನ್ ಫು ನೆಲೆಯಲ್ಲಿ ಇಳಿದ ಅವರ ಡಕೋಟಾ ವಿಮಾನದ ಎಣ್ಣೆ ಟ್ಯಾಂಕು ಒಡೆದಿತ್ತು. ಬೆಳಕು ಹರಿದ ಮೇಲೆ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ವಿಯೆತ್ ಮಿನ್ ಪಡೆಯ ಫಿರಂಗಿಗಳು ವಿಮಾನವನ್ನೇ ನಾಶಮಾಡಿದವು. ಒಂದು ರಾತ್ರಿಯ ಕೆಲಸಕ್ಕೆಂದು ಹೋದವರು, ಮೇ 7ರಂದು ನೆಲೆ ಬೀಳುವವರೆಗೂ ನೆಲದಡಿ ತೋಡಿದ ಆಸ್ಪತ್ರೆಯಲ್ಲಿ, ಮಳೆ ಹಿಡಿದ ಮೇಲೆ ಕೆಸರಿನಲ್ಲಿ, ತೀರ ಗಂಭೀರವಾಗಿ ಗಾಯಗೊಂಡವರ ಆರೈಕೆ ಮಾಡಿದರು.

ಆ ಆರೈಕೆ ಎಂದರೇನೆಂದು ಡ್ರೆಸ್ಸಿಂಗ್ ಮಾಡುವ ಕೈಗೆ ಗೊತ್ತು. ನಮ್ಮ ವಾರ್ಡಿನಲ್ಲಿ ಶಹಾಬಾದ ಕಡೆಯ ಕಲ್ಲುಗಣಿಯಲ್ಲಿ ಕಾಲು ಜಜ್ಜಿಸಿಕೊಂಡ ಹುಡುಗನೊಬ್ಬನಿದ್ದಾನೆ. ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯನ್ನು ಹಾಗೆಯೇ ಎಳೆದರೆ ಆಗತಾನೆ ಕೂಡುತ್ತಿರುವ ಮಾಂಸವೂ ಕಿತ್ತು ಬರುತ್ತದೆ; ಆದ್ದರಿಂದ ಸಲೈನ್ ಸುರಿದು, ಅದು ನೆನೆಯುವವರೆಗೆ ಕಾದು, ಅಂಚಿನಿಂದ ಒಂದೊಂದೇ ಎಳೆ ಬಿಡಿಸಬೇಕು. ನಿನ್ನೆ ಅವನು ನನ್ನ ಕೋಟಿನ ತುದಿ ಹಿಡಿದುಕೊಂಡು, ‘ಸಾವಕಾಶ ಮಾಡ್ರಿ ಸಿಸ್ಟರ್’ ಎನ್ನುತ್ತಲೇ ಇದ್ದ. ಅವನೊಬ್ಬನಿಗೇ ಅರ್ಧ ಗಂಟೆ ಹಿಡಿಯಿತು. ಗಲಾರ್ ಅವರ ವಾರ್ಡಿನಲ್ಲಿ, ಮೇಲೆ ಗುಂಡು ಸಿಡಿಯುತ್ತಿರುವಾಗ, ಸುಮಾರು 40 ಹಾಸಿಗೆಗಳಿದ್ದವು.

ಏಪ್ರಿಲ್ 29ರಂದು, ಮುತ್ತಿಗೆಯ ನಡುವೆಯೇ, ಅವರಿಗೆ ಫ್ರಾನ್ಸಿನ ಅತ್ಯುನ್ನತವಾದ ಲೀಜನ್ ಆಫ್ ಆನರ್ ಗೌರವವನ್ನೂ ಯುದ್ಧಶೌರ್ಯದ ಪದಕವನ್ನೂ ನೀಡಲಾಯಿತು. ಆಗ ಅವರಿಗೆ 29 ವರ್ಷ. ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೂಡ ಪದಕ ತೊಡಿಸಿದರು. ದಿಯೆನ್ ಬಿಯೆನ್ ಫುವಿನಲ್ಲಿದ್ದ ಏಕೈಕ ಮಹಿಳೆ ಗಲಾರ್ ಅವರೇ ಎಂದು ಪತ್ರಿಕೆಗಳು ಬರೆದವು, ಅದು ನಿಜವಲ್ಲ. ಸೈನಿಕರ ಸುಖಕ್ಕೆಂದು ಸೇನೆ ಕರೆತಂದಿದ್ದ ಆಲ್ಜೀರಿಯಾ ಮತ್ತು ವಿಯೆಟ್ನಾಮಿನ ಹೆಣ್ಣುಮಕ್ಕಳೂ ಗಾಯಾಳುಗಳ ಸೇವೆ ಮಾಡಿದ್ದರು. ಅವರ ಹೆಸರುಗಳನ್ನು ಯಾರೂ ಕೂಗಿ ಕರೆಯಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಗಲಾರ್ ಅವರ ಮೇಲಿನ ನನ್ನ ಗೌರವ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ನೆಲೆ ಬಿದ್ದ ಮೇಲೂ ಅವರು ಸೆರೆಯಲ್ಲಿದ್ದುಕೊಂಡೇ ಗಾಯಾಳುಗಳನ್ನು ನೋಡಿಕೊಂಡರು. ಗೆದ್ದವರು ಔಷಧ ಸಾಮಗ್ರಿಗಳನ್ನು ತಮ್ಮ ಬಳಕೆಗೆ ಒಯ್ಯತೊಡಗಿದಾಗ, ಒಂದಿಷ್ಟನ್ನು ತಾವು ಮಲಗುವ ಸ್ಟ್ರೆಚರಿನ ಕೆಳಗೆ ಬಚ್ಚಿಟ್ಟರಂತೆ. ಪದಕಗಳಿಗಿಂತ ಇದೊಂದು ಸಂಗತಿಯಿಂದಲೇ ಅವರು ನನಗೆ ನಮ್ಮವರೆನಿಸುತ್ತಾರೆ. ನಾಳೆಯ ಡ್ರೆಸ್ಸಿಂಗಿಗೆ ಕಡಿಮೆ ಬೀಳಬಾರದೆಂದು ನಾನೂ ಗಾಜ್ ಬಟ್ಟೆಯ ಎರಡು ಪೊಟ್ಟಣಗಳನ್ನು ಆ ಹುಡುಗನ ಹೆಸರು ಬರೆದು ಕಪಾಟಿನ ಹಿಂಬದಿಗೆ ಸರಿಸಿಟ್ಟು ಬಂದಿದ್ದೇನೆ.