ದೇವರಿಗೆ ಬೈದರೆ ಎಷ್ಟು, ದೊರೆಗೆ ಬೈದರೆ ಎಷ್ಟು?

ಕಾನೂನು ಪಾಠ ಮಾಡುವವರಿಗೆ ಮದುವೆ ಊಟದ ಪಂಕ್ತಿಯಲ್ಲೂ ಬಿಡುವಿಲ್ಲ. ಪಕ್ಕದ ಎಲೆಯವರು ಹೋಳಿಗೆ ಮುರಿಯುತ್ತಾ ಶುರು ಮಾಡುತ್ತಾರೆ. “ಅಲ್ಲಾ ಮೇಷ್ಟ್ರೇ, ಒಂದು ದೇಶದಲ್ಲಿ ಚರ್ಚಿಗೆ ನುಗ್ಗಿ ರಂಪ ಮಾಡಿದ್ರೆ ಬರೀ ದಂಡ. ಇನ್ನೊಂದು ದೇಶದಲ್ಲಿ ಎರಡು ವರ್ಷ ಜೈಲು. ಒಂದೇ ತಪ್ಪಿಗೆ ಇದ್ಯಾವ ನ್ಯಾಯ?” ತರಗತಿಯಲ್ಲೂ ವರ್ಷಕ್ಕೊಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಪಂಕ್ತಿಯಲ್ಲಿ ಉದ್ದಕ್ಕೆ ಹೇಳಲು ಆಗುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನ್ಯಾಯವಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ದೇಶಕ್ಕೊಂದು ಅಳತೆ ಇರುವುದು ನನಗೆ ಅಷ್ಟು ಚುಚ್ಚುವುದಿಲ್ಲ. ಊರಿಗೊಂದು ಸೇರು ಇದ್ದ ಕಾಲವೂ ಇತ್ತು, ವ್ಯಾಪಾರ ನಡೆಯುತ್ತಿತ್ತು. ಒಂದೇ ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಸೇರು ಬದಲಾಯಿಸಿದರೆ? ಬೈದದ್ದು ದೇವರಿಗೋ ದೊರೆಗೋ ಎಂದು ನೋಡಿ ಶಿಕ್ಷೆ ಬದಲಾಯಿಸಿದರೆ? ನನ್ನ ತಕರಾರು ಅಲ್ಲಿದೆ.

ಮೊದಲು ನನಗೆ ತುಂಬಾ ಇಷ್ಟವಾದ ಒಂದು ದಂಡದ ಕತೆ. 1998ರ ಈಸ್ಟರ್ ಭಾನುವಾರ ಇಂಗ್ಲೆಂಡಿನ ಕ್ಯಾಂಟರ್ಬರಿ ಕ್ಯಾಥೆಡ್ರಲ್‌ನಲ್ಲಿ ಆರ್ಚ್‌ಬಿಷಪ್ ಜಾರ್ಜ್ ಕೇರಿ ಪ್ರವಚನ ಮಾಡುತ್ತಿದ್ದರು. ಸಲಿಂಗಿಗಳ ಹಕ್ಕಿಗೆ ಹೋರಾಡುವ ಪೀಟರ್ ಟ್ಯಾಚೆಲ್ ಮತ್ತು ಸಂಗಡಿಗರು ಸೀದಾ ಪ್ರವಚನ ಪೀಠ ಹತ್ತಿದರು. ಸಲಿಂಗಿಗಳಿಗೆ ಸಮಾನ ಹಕ್ಕು ಕೊಡಲು ನೀವು ಅಡ್ಡಿ ಎಂದು ಆರ್ಚ್‌ಬಿಷಪ್ ಎದುರೇ ಹೇಳಿದರು. ಭಕ್ತರಿಗೆ ಅದು ವರ್ಷದ ದೊಡ್ಡ ಹಬ್ಬ. ಸಿಟ್ಟು ಬಂದಿರಲೇಬೇಕು. ಪೊಲೀಸರು ಧೂಳು ಕೊಡವಿ 1860ರ ಒಂದು ಕಾನೂನನ್ನು ತೆಗೆದರು. ಚರ್ಚಿನೊಳಗೆ ಅಸಭ್ಯವಾಗಿ ನಡೆದುಕೊಂಡರೆ ಶಿಕ್ಷೆ ಕೊಡುವ ಕಾನೂನು ಅದು. ಮ್ಯಾಜಿಸ್ಟ್ರೇಟ್ ಹಾಕಿದ ದಂಡ ಎಷ್ಟು ಗೊತ್ತಾ? 18 ಪೌಂಡ್ 60 ಪೆನ್ಸ್. ಕಾನೂನಿನ ಇಸವಿಯನ್ನೇ ದಂಡವಾಗಿ ಮಾಡಿದ್ದರು. ಕೇಸಿನ ಖರ್ಚು 320 ಪೌಂಡ್ ಬೇರೆ ಕಟ್ಟಬೇಕಾಯಿತು. ಆದರೂ ತಪ್ಪು ತಪ್ಪೇ ಎಂದು ಹೇಳಿ, ಕಾನೂನು ಎಷ್ಟು ಹಳಸಿದೆ ಎಂದೂ ನಗುತ್ತಲೇ ಹೇಳಿದ ತೀರ್ಪು ಅದು.

1860 ಎಂದ ತಕ್ಷಣ ನಮ್ಮ ಕಡೆಯ ವಕೀಲರ ಕಿವಿ ನೆಟ್ಟಗಾಗುತ್ತದೆ. ಭಾರತೀಯ ದಂಡ ಸಂಹಿತೆಯೂ ಅದೇ ವರ್ಷದ್ದು. ಅದರ 296ನೇ ಕಲಂ ಧಾರ್ಮಿಕ ಸಭೆಗೆ ಅಡ್ಡಿ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತಿತ್ತು. ಬ್ರಿಟಿಷರು ತಮ್ಮ ಮನೆಯ ಚರ್ಚಿಗೆ ಮಾಡಿಕೊಂಡ ಕಾನೂನಿನಲ್ಲಿ ಐದು ಪೌಂಡ್ ದಂಡ, ಇಲ್ಲದಿದ್ದರೆ ಹೆಚ್ಚೆಂದರೆ ಎರಡು ತಿಂಗಳು. ಒಂದೇ ಸಾಮ್ರಾಜ್ಯ, ಒಂದೇ ಇಸವಿ, ಸರಿಸುಮಾರು ಒಂದೇ ತಪ್ಪು. ತಮ್ಮವರಿಗೆ ಎರಡು ತಿಂಗಳು, ನಮಗೆ ಹನ್ನೆರಡು! 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂತು. ಕಲಂ ನಂಬರ್ 300 ಆಯಿತು. ಆ ಒಂದು ವರ್ಷ ಹಾಗೇ ಉಳಿಯಿತು.

ಇನ್ನು ಆ ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ರಷ್ಯಾದ ಕೇಸು. 2012ರ ಫೆಬ್ರವರಿ 21ರಂದು ಪುಸಿ ರಾಯಟ್ ಎಂಬ ತಂಡದ ಹೆಣ್ಣುಮಕ್ಕಳು ಮುಖಕ್ಕೆ ಬಣ್ಣದ ಮುಸುಕು ಹಾಕಿಕೊಂಡು ಮಾಸ್ಕೋದ ಕ್ರೈಸ್ಟ್ ದಿ ಸೇವಿಯರ್ ಕ್ಯಾಥೆಡ್ರಲ್ ಒಳಗೆ ಕುಣಿದರು. ಒಂದು ನಿಮಿಷವೂ ಆಗಿರಲಿಲ್ಲ, ಕಾವಲಿನವರು ಹೊರಗೆ ಹಾಕಿದರು. ಹಾಡಿನಲ್ಲಿ ಅವರು ದೇವಮಾತೆಯನ್ನು ಬೇಡಿದ್ದು ಪುಟಿನ್‌ರನ್ನು ಓಡಿಸು ಎಂದು. ಆಗಸ್ಟ್ 17ರಂದು ಮೂವರಿಗೆ ತಲಾ ಎರಡು ವರ್ಷ ಜೈಲಾಯಿತು. ಧಾರ್ಮಿಕ ದ್ವೇಷದಿಂದ ಪುಂಡಾಟ ಮಾಡಿದರು ಎಂಬುದು ಆರೋಪ. ಮೇಲ್ಮನವಿಯಲ್ಲಿ ಒಬ್ಬರಿಗೆ ಶಿಕ್ಷೆ ಅಮಾನತಾಯಿತು. ಉಳಿದ ಇಬ್ಬರು 2013ರ ಡಿಸೆಂಬರ್‌ನಲ್ಲಿ ಕ್ಷಮಾದಾನ ಬರುವವರೆಗೆ ಒಳಗೇ ಇದ್ದರು.

ಆಗ ರಷ್ಯಾದ ಪರ ವಾದ ಮಾಡುವವರು ಒಂದು ಚೀಟಿ ತೋರಿಸುತ್ತಿದ್ದರು. “ಜರ್ಮನಿಯ ಕಾನೂನು ನೋಡಿ, ಪೂಜೆಗೆ ಅಡ್ಡಿ ಮಾಡಿದರೆ ಮೂರು ವರ್ಷ!” ನಿಜವೇ. ಜರ್ಮನ್ ದಂಡ ಸಂಹಿತೆಯ 167ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಎಂದಿದೆ. ಆದರೆ ಪುಸ್ತಕದಲ್ಲಿರುವ ಗರಿಷ್ಠ ಶಿಕ್ಷೆ ಅಂಗಡಿಯ ಎಂಆರ್‌ಪಿ ಇದ್ದ ಹಾಗೆ. ಯಾರಿಗೆ ಎಷ್ಟಕ್ಕೆ ಮಾರಿದರು ಎಂಬುದು ಮುಖ್ಯ, ಅಲ್ವಾ? 2013ರ ಕ್ರಿಸ್‌ಮಸ್ ದಿನ ಕಲೋನ್ ಕ್ಯಾಥೆಡ್ರಲ್‌ನಲ್ಲಿ ಪೂಜೆ ನಡೆಯುವಾಗಲೇ ಫೆಮೆನ್ ಎಂಬ ಮಹಿಳಾ ಹೋರಾಟ ಸಂಘಟನೆಯ ಯುವತಿಯೊಬ್ಬಳು ಮೇಲುಡುಪಿಲ್ಲದೆ ಬಲಿಪೀಠ ಹತ್ತಿ ನಿಂತಳು. ಮಾಸ್ಕೋದ ಕುಣಿತಕ್ಕಿಂತ ಇದು ಹೆಚ್ಚು ನೋಯಿಸುವಂಥದ್ದು ಎಂದು ಎಷ್ಟೋ ಜನ ಹೇಳಿಯಾರು. ಅಲ್ಲಿನ ಕೋರ್ಟು ಹಾಕಿದ್ದು 1200 ಯೂರೊ ದಂಡ.

ಪ್ಯಾರಿಸ್ಸಿನದು ಇನ್ನೂ ಮಜಾ. 2013ರಲ್ಲೇ ಫೆಮೆನ್‌ನವರು ನೋಟ್ರ್‌ಡಾಮ್ ಕ್ಯಾಥೆಡ್ರಲ್‌ನಲ್ಲಿ ಗಂಟೆ ಬಡಿದು ಗಲಾಟೆ ಮಾಡಿದರು. ಮರು ವರ್ಷ ಕೋರ್ಟು ಅವರನ್ನು ಬಿಟ್ಟು, ಅವರ ಮೇಲೆ ಕೈ ಮಾಡಿದ ಕಾವಲಿನವರಿಗೇ ದಂಡ ಹಾಕಿತು. ಅದೇ ಊರಿನ ಮ್ಯಾಡಲೀನ್ ಚರ್ಚಿನಲ್ಲಿ ಪ್ರತಿಭಟಿಸಿದ ಇನ್ನೊಬ್ಬಳಿಗೆ ಒಂದು ತಿಂಗಳ ಅಮಾನತು ಜೈಲುಶಿಕ್ಷೆಯಾಯಿತು. ಒಂದೇ ಊರಲ್ಲಿ ಎರಡು ಅಳತೆ. ಆ ಶಿಕ್ಷೆ ತಪ್ಪು ಎಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟು 2022ರಲ್ಲಿ ಹೇಳಿತು. 2018ರಲ್ಲಿ ಪುಸಿ ರಾಯಟ್ ಕೇಸಿನಲ್ಲೂ ಅದೇ ಕೋರ್ಟು ರಷ್ಯಾದ ವಿರುದ್ಧ ತೀರ್ಪು ಕೊಟ್ಟಿತ್ತು. ಪ್ರಾರ್ಥನೆಯ ಜಾಗದ ನಿಯಮ ಮುರಿದವರ ಮೇಲೆ ಏನಾದರೂ ಕ್ರಮ ಬೇಕಿತ್ತು ಎಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಆ ಜೈಲು ವಿಪರೀತ ಎಂದಿತು. ತೀರ್ಪಿಗೆ ಮೊದಲೇ ಅವರು ಐದು ತಿಂಗಳು ಬಂಧನದಲ್ಲಿದ್ದರು. ಅದನ್ನೂ ಕೋರ್ಟು ತಪ್ಪು ಎಂದಿತು.

ಹಾಗಾದರೆ ಮಾಸ್ಕೋದಲ್ಲಿ ಮಾತ್ರ ಯಾಕೆ ಅಷ್ಟು ಜೋರು? ಹಾಡು ಮುಟ್ಟಿದ್ದು ಯಾರನ್ನು ಎಂದು ನೋಡಿ. ಟ್ಯಾಚೆಲ್ ಬೈದದ್ದು ಆರ್ಚ್‌ಬಿಷಪ್‌ಗೆ, ಲಂಡನ್ನಿನ ಸರ್ಕಾರಕ್ಕೆ ಅದು ತಟ್ಟಲಿಲ್ಲ. ಮಾಸ್ಕೋದಲ್ಲಿ ಜಾಗ ದೇವರದ್ದು, ಹೆಸರು ಪುಟಿನ್ ಅವರದ್ದು. ಥಾಯ್ಲೆಂಡಿನಲ್ಲಿ ದೇವರ ಮುಸುಕೂ ಬೇಕಿಲ್ಲ. ಅಲ್ಲಿನ 112ನೇ ಕಲಂ ಪ್ರಕಾರ ರಾಜ, ರಾಣಿಗೆ ಅವಮಾನ ಮಾಡಿದರೆ ಕನಿಷ್ಠವೇ ಮೂರು ವರ್ಷ, ಗರಿಷ್ಠ ಹದಿನೈದು. 2020ರಲ್ಲಿ ಬ್ಯಾಂಕಾಕ್‌ನ ಬೀದಿಯಲ್ಲಿ ಪ್ರತಿಭಟನೆಯ ಅಣಕು ಫ್ಯಾಷನ್ ಶೋ ನಡೆಯಿತು. ಗುಲಾಬಿ ಬಣ್ಣದ ಸಾಂಪ್ರದಾಯಿಕ ಉಡುಗೆ ತೊಟ್ಟು ರಾಣಿಯ ಹಾಗೆ ನಡೆದಳು ಎಂದು ಒಬ್ಬಾಕೆಗೆ ಮೂರು ವರ್ಷ ವಿಧಿಸಿ, ಎರಡಕ್ಕೆ ಇಳಿಸಿ ಜೈಲಿಗೆ ಹಾಕಿದರು. ಬಟ್ಟೆ ಹಾಕಿಕೊಂಡದ್ದಕ್ಕೆ! ಕಲೋನ್‌ನಲ್ಲಿ ಬಟ್ಟೆ ತೆಗೆದವಳು ದಂಡ ಕಟ್ಟಿ ಮನೆಗೆ ಹೋದಳು.

ಪಾಕಿಸ್ತಾನದ ದಂಡ ಸಂಹಿತೆಯ 295ಸಿ ಕಲಂ ಗತಿ ಏನು, ಅಲ್ಲಿ ಮರಣದಂಡನೆ ಇರುವುದು ಧರ್ಮನಿಂದೆಗೇ ಅಲ್ವಾ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮೂಲ ಅದೇ 1860ರ ಪುಸ್ತಕ, ಆದರೆ 295ಸಿ ಸೇರಿದ್ದು 1986ರಲ್ಲಿ, ಜಿಯಾ ಉಲ್ ಹಕ್ ಕಾಲದಲ್ಲಿ. ಧರ್ಮದ ಹೆಸರಲ್ಲಿ ಗಾದಿ ಉಳಿಸಿಕೊಂಡ ದೊರೆ ಆತ. ಗಾದಿ ಮತ್ತು ಗುಡಿ ಒಂದೇ ಆದ ಮೇಲೆ ಯಾರಿಗೆ ಬೈದರೂ ಇಬ್ಬರಿಗೂ ತಗಲುತ್ತದೆ.

ನಮ್ಮಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಪೆರಿಯಾರ್. ಈರೋಡಿನವರು, ಕನ್ನಡ ಮನೆಮಾತಿನ ಕುಟುಂಬ. 1953ರ ಮೇ ತಿಂಗಳಲ್ಲಿ ತಿರುಚಿರಾಪಳ್ಳಿಯ ಮೈದಾನದಲ್ಲಿ ಎಲ್ಲರೆದುರು ಮಣ್ಣಿನ ಗಣಪತಿಯನ್ನು ಒಡೆದರು. ಒಬ್ಬರು ದೂರು ಕೊಟ್ಟರು. ಗುಡಿಯಲ್ಲಿ ಪ್ರತಿಷ್ಠೆ ಮಾಡಿದ ಮೂರ್ತಿಯಲ್ಲ, ಬರೀ ಮಣ್ಣಿನ ಗೊಂಬೆ ಎಂದು ಮ್ಯಾಜಿಸ್ಟ್ರೇಟ್ ದೂರನ್ನು ವಜಾ ಮಾಡಿದರು. ಕೇಸು ಸುಪ್ರೀಂ ಕೋರ್ಟಿಗೆ ಬಂತು. ಜನ ಪವಿತ್ರ ಎಂದು ನಂಬಿದ್ದರೆ ವಸ್ತು ಎಷ್ಟೇ ಅಲ್ಪವಾಗಿದ್ದರೂ ಕಾನೂನು ಅದನ್ನು ಕಾಯುತ್ತದೆ, ಕೆಳಗಿನ ಕೋರ್ಟುಗಳು ತಪ್ಪು ತಿಳಿದಿವೆ ಎಂದು 1958ರಲ್ಲಿ ಹೇಳಿತು. ಆದರೆ ಐದು ವರ್ಷ ಹಳೆಯ ದೂರು, ಈಗ ಕೆದಕುವುದು ಬೇಡ ಎಂದು ಬಿಟ್ಟಿತು. ದೂರು ಕೊಟ್ಟವರು ವಾದದಲ್ಲಿ ಗೆದ್ದರು, ಕೇಸಿನಲ್ಲಿ ಸೋತರು. ಗೆದ್ದವನು ಸೋತ, ಸೋತವನು ಸತ್ತ ಎಂದು ಸುಮ್ನೆ ಹೇಳ್ತಾರಾ?

ಈ ಎರಡರ ನಡುವೆ, 1957ರಲ್ಲಿ, ಅದೇ ಪೆರಿಯಾರ್ ಜಾತಿ ಪದ್ಧತಿಯ ವಿರುದ್ಧ ಸಂವಿಧಾನದ ಪ್ರತಿ ಸುಡಲು ಕರೆ ಕೊಟ್ಟರು. ನವೆಂಬರ್ 26 ಗೊತ್ತುಮಾಡಿದ ದಿನ. ಮದ್ರಾಸ್ ಸರ್ಕಾರ ಅದಕ್ಕೂ ಮೊದಲೇ ಮೂರು ವರ್ಷದವರೆಗೆ ಜೈಲು ಎಂದು ಹೊಸ ಕಾನೂನು ತಂದಿತು. ಸಾವಿರಾರು ಜನ ಬಂಧನಕ್ಕೊಳಗಾದರು. ಗಣಪತಿ ಒಡೆದಾಗ ಯಾವ ಸರ್ಕಾರವೂ ಇಷ್ಟು ಚುರುಕಾಗಿರಲಿಲ್ಲ. 1971ರಿಂದ ಇಡೀ ದೇಶಕ್ಕೆ ಅಂಥದ್ದೇ ಕಾನೂನು ಇದೆ. ಅಮೆರಿಕದ ಸುಪ್ರೀಂ ಕೋರ್ಟು ಮಾತ್ರ 1989ರಲ್ಲಿ ಟೆಕ್ಸಸ್‌ನ ಧ್ವಜ ಸುಟ್ಟ ಕೇಸಿನಲ್ಲಿ ಒಂದು ವರ್ಷದ ಶಿಕ್ಷೆ ನಿಲ್ಲುವುದಿಲ್ಲ ಎಂದಿತು. ಅದೂ 5-4ರಲ್ಲಿ, ಕೂದಲೆಳೆಯಲ್ಲಿ.

ಹಾಗಂತ ಭಕ್ತರ ನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆದೇವರ ಉತ್ಸವದ ನಡುವೆ ಯಾರಾದರೂ ನುಗ್ಗಿ ಕಿರುಚಿದರೆ ಪಂಚೆ ಎತ್ತಿ ಕಟ್ಟಿ ಮುಂದೆ ಹೋಗುವವರಲ್ಲಿ ನಾನೂ ಇರುತ್ತೇನೆ. ಆದರೆ ಆ ಸಿಟ್ಟು ಸಂಜೆಗೆ ಇಳಿಯುತ್ತದೆ. ಎರಡು ವರ್ಷ ಜೈಲು ಸಂಜೆಗೆ ಇಳಿಯುವುದಿಲ್ಲ.

“ಹಾಗಾದ್ರೆ ಎಷ್ಟು ಕೊಡಬೇಕು, ನೀವೇ ಹೇಳಿ” ಎನ್ನುತ್ತಾರೆ ಪಕ್ಕದ ಎಲೆಯವರು. ಯಾರಿಗೂ ಪೆಟ್ಟಾಗಿಲ್ಲ, ಏನೂ ಒಡೆದಿಲ್ಲ ಎಂದಾದರೆ ಹದಿನೈದು ದಿನದ ಸಂಬಳದಷ್ಟು ದಂಡ. ತೀರ್ಪಿಗೆ ಮೊದಲು ಒಂದು ದಿನವೂ ಒಳಗೆ ಇಡಬಾರದು. ಆರು ತಿಂಗಳಲ್ಲಿ ಕೇಸು ಮುಗಿಯಬೇಕು. ಮಂತ್ರಿಗಳ ಭಾಷಣದ ನಡುವೆ ನುಗ್ಗಿ ಕಿರುಚಿದವನಿಗೂ ಅಷ್ಟೇನಾ ಎಂದು ಮತ್ತೆ ಕೇಳುತ್ತಾರೆ. ಹೌದು, ಅವನಿಗೂ ಅಷ್ಟೇ.