ನಿಮ್ಮ ಚಾಕು ಸ್ವಲ್ಪ ತೋರಿಸ್ತೀರಾ?

ಹೋದ ಭಾನುವಾರ ಇಲ್ಲಿ ಸ್ವಿಟ್ಜರ್ಲೆಂಡಲ್ಲಿ ನಮ್ಮ ಪಕ್ಕದ ಮನೆ ಹುಡುಗ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಒಂಬತ್ತು ವರ್ಷದವನು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವನು. ಎರಡೂ ಮನೆಯವ್ರು ಸೇರಿ ಕಾಡಿನ ಅಂಚಲ್ಲಿ ಬೆಂಕಿ ಹಾಕ್ಕೊಂಡು ಕೂತಿದ್ವಿ, ಅವ್ರಿಗೆ ಸೆರ್ವೆಲಾ ಸಾಸೇಜು, ನಮಗೆ ಪನೀರು ಮತ್ತೆ ಜೋಳದ ತೆನೆ. ಸುಡೋಕೆ ಕಡ್ಡಿ ಬೇಕಲ್ಲ, ಹುಡುಗ ಜೇಬಿಂದ ಕೆಂಪು ಚಾಕು ತೆಗೆದ, ಒಂದು ಕಲ್ಲಿನ ಮೇಲೆ ಕೂತ್ಕೊಂಡ, ಸುತ್ತ ಯಾರಾದ್ರೂ ಇದಾರಾ ಅಂತ ನೋಡಿದ, ಆಮೇಲೆ ಹಸಿ ಕೋಲಿನ ತೊಗಟೆ ಹೊರಮುಖವಾಗಿ ಹೆರೆಯೋಕೆ ಶುರು ಮಾಡಿದ. ಮಗಳು ಹತ್ರ ಹೋಗಿ ನಂಗೂ ಕೊಡು ಅಂತ ಕೈ ಚಾಚಿದ್ಲು. "ಮುಟ್ಟಬೇಡ, ಕೈ ಕುಯ್ಕೊಳ್ತೀಯ!" ಅಂತ ನನ್ನ ಬಾಯಿಂದ ಕನ್ನಡದಲ್ಲೇ ಬಂದುಬಿಡ್ತು. ಹುಡುಗನಿಗೆ ಕನ್ನಡ ಬರಲ್ಲ, ಆದ್ರೆ ದನಿ ಅರ್ಥ ಆಯ್ತು ಅನ್ಸತ್ತೆ. ಚಾಕು ಮಡಚಿ, ನನ್ನ ಮುಖ ನೋಡಿ ಕೇಳಿದ, ಅವಳ ಹತ್ರ ಯಾಕೆ ಚಾಕು ಇಲ್ಲ, ನಿಮಗೆ ಅವಳ ಮೇಲೆ ನಂಬಿಕೆ ಇಲ್ವಾ?

ಅವನ ಅಮ್ಮ ಸುಮ್ನಿರೋ ಅಂದ್ಲು. ಅವನೇನೂ ಚುಚ್ಚಿ ಮಾತಾಡ್ಲಿಲ್ಲ, ನಿಜವಾಗಲೂ ಗೊತ್ತಾಗದೇ ಕೇಳಿದ್ದು. ಅದಕ್ಕೇ ಜಾಸ್ತಿ ನಾಟ್ತು.

ನನಗೆ ನಾಟೋದಕ್ಕೆ ಇನ್ನೊಂದು ಕಾರಣಾನೂ ಇದೆ. ಸ್ವಿಟ್ಜರ್ಲೆಂಡಿಗೆ ಬಂದ್ಮೇಲೆ ನನಗೆ ಅಪರಿಚಿತರ ಜೊತೆ ಮಾತು ಶುರು ಮಾಡೋಕೆ ಸಿಕ್ಕ ದಾರಿ ಅಂದ್ರೆ ಅವ್ರ ಜೇಬಿನ ಚಾಕುನೇ. ಇಲ್ಲಿ ಜನ ಕೆಟ್ಟೋರಲ್ಲ, ಆದ್ರೆ ದಾರೀಲಿ ಸಿಕ್ಕಿದ್ರೆ ಒಂದು ನಮಸ್ಕಾರ ಹೇಳ್ತಾರೆ, ಅಲ್ಲಿಗೆ ಮುಗೀತು. ಬಸ್ಸಲ್ಲಿ ಪಕ್ಕದಲ್ಲಿ ಕೂತವ್ರನ್ನ ಯಾವೂರು, ಏನು ಕೆಲಸ, ಮಕ್ಕಳೆಷ್ಟು ಅಂತ ಕೇಳೋ ಹಾಗಿಲ್ಲ. ಶಿರಸಿಯಿಂದ ಬಂದವಳಿಗೆ ಅದು ಎಷ್ಟು ಕಷ್ಟ ಅಂತ ಊರಲ್ಲಿರೋರಿಗೆ ಹೇಳಬೇಕಾಗಿಲ್ಲ.

ಮೊದಲ ಸಲ ಕೇಳಿದ್ದು ಬ್ರುನ್ನೆನ್ ಊರಿನ ದೋಣಿಕಟ್ಟೆ ಹತ್ರ. ಒಬ್ಬ ಅಜ್ಜ ಬೆಂಚಿನ ಮೇಲೆ ಕೂತು ನಾಯಿ ಕತ್ತಿನ ಪಟ್ಟಿಗೆ ಹೊಸ ತೂತು ಮಾಡ್ತಾ ಇದ್ರು, ಚಾಕುವಿನ ಬೆನ್ನಲ್ಲಿರೋ ಚೂಪು ದಬ್ಬಳದಂಥದ್ರಲ್ಲಿ. ಚಾಕು ನಾನು ಅಂಗಡೀಲಿ ನೋಡಿದ್ದ ಕೆಂಪು ಬಣ್ಣದ್ದಲ್ಲ, ಬೆಳ್ಳಿ ಥರ ಹೊಳೆಯೋ ಅಲ್ಯೂಮಿನಿಯಂ ಹಿಡಿ, ತರಿತರಿ, ಮಧ್ಯ ಸಣ್ಣ ಶಿಲುಬೆ. ನಿಮ್ಮ ಚಾಕು ಸ್ವಲ್ಪ ತೋರಿಸ್ತೀರಾ ಅಂದೆ. ಅಜ್ಜ ಒಂದು ಕ್ಷಣ ನನ್ನನ್ನ ನೋಡಿದ್ರು, ಆಮೇಲೆ ಮಡಚಿ ನನ್ನ ಕೈಗೆ ಕೊಟ್ರು. ಬಿಚ್ಚಿದ್ರೆ ಬ್ಲೇಡಿನ ಬುಡದಲ್ಲಿ 71 ಅಂತ ಒತ್ತಿತ್ತು, ಅಂದ್ರೆ 1971. ಮಿಲಿಟರಿ ತರಬೇತಿಗೆ ಹೋದಾಗ ಕೊಟ್ಟಿದ್ದಂತೆ. ಇಲ್ಲಿ ಗಂಡಸರಿಗೆಲ್ಲ ಸೈನ್ಯದ ಸೇವೆ ಕಡ್ಡಾಯ ಅಲ್ವಾ, ಆ ಚಾಕು ಅವ್ರ ಹತ್ರಾನೇ ಉಳಿದುಬಿಡತ್ತೆ. ದೋಣಿ ಬಂತು, ಇಬ್ರೂ ಹತ್ತಿದ್ವಿ, ಲ್ಯೂಸರ್ನ್ ಬರೋ ತನಕ ಅಜ್ಜ ಮಾತು ನಿಲ್ಲಿಸಲಿಲ್ಲ.

ಅವರ ಚಿಕ್ಕಮ್ಮ ಪಕ್ಕದ ಇಬಾಖ್ ಊರಿನ ವಿಕ್ಟೋರಿನಾಕ್ಸ್ ಚಾಕು ಕಾರ್ಖಾನೇಲಿ ಕೆಲಸ ಮಾಡ್ತಿದ್ರಂತೆ. ನಮಗೆಲ್ಲ ವಿಕ್ಟೋರಿನಾಕ್ಸ್ ಅಂದ್ರೆ ಏರ್‌ಪೋರ್ಟಲ್ಲಿ ಮಿಂಚೋ ದುಬಾರಿ ಗಿಫ್ಟು, ಊರಿಗೆ ಹೋಗುವಾಗ ಭಾವಂದಿರಿಗೆ ತಗೊಂಡು ಹೋಗೋದು. ಅಜ್ಜ ಹೇಳಿದ ಕಥೆ ಬಡತನದ್ದು. 1884ರಲ್ಲಿ ಕಾರ್ಲ್ ಎಲ್ಸೆನರ್ ಅನ್ನೋರು ಅಲ್ಲಿ ಚಾಕು ಮಾಡೋ ಕಸುಬು ಶುರು ಮಾಡಿದಾಗ ಈ ಕಣಿವೇಲಿ ಕೆಲಸಾನೇ ಇರಲಿಲ್ಲ, ಜನ ಹೊಟ್ಟೆಪಾಡಿಗೆ ದೇಶ ಬಿಟ್ಟು ಅಮೆರಿಕಕ್ಕೆ ಹೋಗ್ತಿದ್ರು. ಸ್ವಿಸ್ ಸೈನಿಕರ ಚಾಕು ಕೂಡ ಜರ್ಮನಿಯ ಸೋಲಿಂಗೆನ್ನಿಂದ ಬರ್ತಿತ್ತು. ಅದನ್ನ ನಾವೇ ಮಾಡೋಣ ಅಂತ ಎಲ್ಸೆನರ್ ಬೇರೆ ಚಾಕು ಮಾಡೋರನ್ನೂ ಸೇರಿಸ್ಕೊಂಡು 1891ರಲ್ಲಿ ಮೊದಲ ಸಲ ಸೈನ್ಯಕ್ಕೆ ಕೊಟ್ರು. ಸೋಲಿಂಗೆನ್ ಚಾಕು ಅಗ್ಗ, ಹಾಗಾಗಿ ಜೊತೆಗಿದ್ದೋರು ಒಬ್ಬೊಬ್ರೇ ಬಿಟ್ಟುಹೋದ್ರು, ಇವ್ರು ಸಾಲದಲ್ಲಿ ಮುಳುಗಿದ್ರೂ ಬಿಡಲಿಲ್ಲ. 1897ರಲ್ಲಿ ಹಗುರವಾದ ಆಫೀಸರ್ ಚಾಕು ಬಂತು, ಇವತ್ತು ಜಗತ್ತಿಗೆಲ್ಲ ಗೊತ್ತಿರೋ ಕೆಂಪು ಚಾಕುವಿನ ಮೂಲ ಅದೇ. ಅದನ್ನ ಸೈನ್ಯ ಯಾವತ್ತೂ ಕೊಡಲಿಲ್ಲ, ಆಫೀಸರುಗಳು ಸ್ವಂತ ದುಡ್ಡಲ್ಲಿ ತಗೊಂಡ್ರು. 1909ರಲ್ಲಿ ಎಲ್ಸೆನರ್ ತಾಯಿ ವಿಕ್ಟೋರಿಯಾ ತೀರ್ಕೊಂಡ್ಮೇಲೆ ಆ ತಾಯಿ ಹೆಸರೇ ಚಾಕುವಿನ ಹೆಸರಾಯ್ತು. ಇದನ್ನ ಹೇಳುವಾಗ ಅಜ್ಜನ ದನೀಲಿ ಇದ್ದ ಹೆಮ್ಮೆ ನೋಡಬೇಕಿತ್ತು ನೀವು, ಅವರ ಸ್ವಂತ ಅಜ್ಜಿ ಕಥೆ ಹೇಳೋ ಹಾಗೇ ಇತ್ತು.

ಅಲ್ಲಿಂದ ನಾನು ಕೇಳೋದು ಬಿಡಲಿಲ್ಲ. ಶನಿವಾರದ ಸಂತೇಲಿ ಚೀಸ್ ಮಾರೋ ಹೆಂಗಸಿನ ಹತ್ರ ಮರದ ಹಿಡಿಯ ಓಪಿನೆಲ್ ಇದೆ, ಗಡಿಯಾಚೆ ಫ್ರಾನ್ಸಿನ ಸವಾಯ್ ಪ್ರಾಂತ್ಯದ್ದು, 1890ರಿಂದ ಮಾಡ್ತಿದಾರೆ, ಕತ್ತಿನ ಹತ್ರ ಒಂದು ಬಳೆ ತಿರುಗಿಸಿದ್ರೆ ಬ್ಲೇಡು ಅಲ್ಲಾಡಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಬಿಚ್ಚೋಕೆ ಬರಲ್ಲ ಅಂತ ಆಕೆ ದೂರು, ಆದ್ರೂ ಬೇರೆ ತಗೊಳಲ್ಲ, ಗಂಡ ಮದುವೆಗೆ ಮುಂಚೆ ಅಣಬೆ ಕೀಳೋಕೆ ಕರ್ಕೊಂಡು ಹೋದಾಗ ಕೊಟ್ಟಿದ್ದಂತೆ. ಗಂಡ ಈಗ ಇಲ್ಲ.

ನಮ್ಮ ಕಟ್ಟಡದ ರಿಪೇರಿಗೆ ಬಂದಿದ್ದ ಮೇಸ್ತ್ರಿ ಒಬ್ಬರು ಸಾರ್ಡೀನಿಯಾ ದ್ವೀಪದವರು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಬ್ರೆಡ್ ಕತ್ತರಿಸ್ತಿದ್ರು, ಚಾಕುವಿನ ಹಿಡಿ ಟಗರಿನ ಕೊಂಬಿಂದು, ಬ್ಲೇಡು ಎಲೆಯಾಕಾರ. ಪತ್ತಾದ ಅನ್ನೋ ಊರಲ್ಲಿ ಕೈಯಲ್ಲೇ ಮಾಡೋದು ಅದು. ಅಪ್ಪ ಕುರಿ ಕಾಯ್ತಿದ್ರಂತೆ. ಇವ್ರು ಹದಿನೆಂಟಕ್ಕೆ ಕೆಲಸ ಹುಡುಕ್ಕೊಂಡು ಈ ಚಳಿ ದೇಶಕ್ಕೆ ಹೊರಟಾಗ ಅಪ್ಪ ದುಡ್ಡು ಕೊಡೋಕಾಗದೇ ಚಾಕು ಕೊಟ್ರಂತೆ, ಆದ್ರೆ ಪುಕ್ಕಟೆ ಅಲ್ಲ, ಒಂದು ನಾಣ್ಯ ವಾಪಸ್ ಇಸ್ಕೊಂಡ್ರು. ಚಾಕುನ ಪುಕ್ಕಟೆ ಕೊಟ್ರೆ ಸಂಬಂಧ ಕಡಿದುಹೋಗತ್ತೆ ಅನ್ನೋ ನಂಬಿಕೆ ಅವ್ರಲ್ಲಿ. ಇಲ್ಲಿ ಸ್ವಿಸ್ ಜನರಲ್ಲೂ ಅದೇ ಇದೆ, ಐದು ರಾಪ್ಪೆನ್ ನಾಣ್ಯ ಕೊಟ್ರೂ ಸಾಕು. ನಮ್ಮಲ್ಲಿ ಕತ್ತಿ ಕೈಯಿಂದ ಕೈಗೆ ಕೊಡಲ್ಲ, ಕೆಳಗಿಡ್ತೀವಿ, ಅವ್ರು ಎತ್ಕೊಳ್ತಾರೆ, ಇಲ್ಲಾಂದ್ರೆ ಜಗಳ ಆಗತ್ತೆ ಅಂತ ಹೇಳಿದೆ. ಮೇಸ್ತ್ರಿ ತಕ್ಷಣ ಚಾಕುನ ಮೆಟ್ಟಿಲ ಮೇಲಿಟ್ಟು, ಈಗ ಎತ್ತಿ ನೋಡಮ್ಮ ಅಂದ್ರು. ಊರು ಬಿಟ್ಟು ಬಂದ ಇಬ್ಬರು, ಇಬ್ರಿಗೂ ಜರ್ಮನ್ ಸರಿಯಾಗಿ ಬರಲ್ಲ, ಅವತ್ತು ನಾವು ಮಾತಾಡಿದಷ್ಟು ನಾನು ಈ ಕಟ್ಟಡದಲ್ಲಿ ಯಾರ ಜೊತೆಗೂ ಮಾತಾಡಿಲ್ಲ.

ಇಷ್ಟು ಜನರ ಚಾಕು ಕೇಳಿ ನೋಡಿದ ನನಗೆ ಈ ಪುಟ್ಟ ಹುಡುಗ ಕೇಳಿದ್ದು ನಂಬಿಕೆ ಬಗ್ಗೆ. ಅವನು ಸರಿಯಾದ ಜಾಗಕ್ಕೇ ಕೈಯಿಟ್ಟ. ಇಲ್ಲಿ ಬಾಲವಾಡಿ ವಯಸ್ಸಿಂದಾನೇ ಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗ್ತಾರೆ, ಮಕ್ಕಳಿಗೇ ಅಂತ ತುದಿ ಗುಂಡಗಿರೋ ಚಾಕು ಬರತ್ತೆ. ಕೂತೇ ಕೆತ್ತಬೇಕು, ಬ್ಲೇಡು ಮೈಯಿಂದ ದೂರ ಹೋಗಬೇಕು, ಒಂದು ಮಾರು ಸುತ್ತ ಯಾರೂ ಇರಬಾರ್ದು, ಬಿಚ್ಚಿದ ಚಾಕು ಹಿಡ್ಕೊಂಡು ಒಂದು ಹೆಜ್ಜೇನೂ ಇಡಬಾರ್ದು. ನಿಯಮ ಮುರಿದ್ರೆ ಅವತ್ತಿಗೆ ಚಾಕು ವಾಪಸ್. ಬೆರಳಿಗೆ ಸಣ್ಣ ಗಾಯ ಆದ್ರೆ ಟೀಚರ್ ಪ್ಲಾಸ್ಟರ್ ಹಾಕಿ ಮತ್ತೆ ಕೂರಿಸ್ತಾರೆ. ಜೇಬಿನ ಚಾಕು ಆಯುಧ ಅಲ್ಲ ಅಂತ ಇಲ್ಲಿನ ಕಾನೂನಲ್ಲೇ ಬರೆದಿದೆ.

ನಮ್ಮಲ್ಲಿ ಈ ನಂಬಿಕೆ ಇರಲಿಲ್ವಾ ಅಂತ ರಾತ್ರಿಯೆಲ್ಲಾ ಯೋಚನೆ. ಇತ್ತು. ನನ್ನ ಮಗಳ ವಯಸ್ಸಲ್ಲಿ ನಾನು ಮೆಟ್ಟುಗತ್ತಿ ಮುಂದೆ ಕೂತು ಅಡಕೆ ಸುಲೀತಿದ್ದೆ! ಅಡಕೆ ಗೊನೆ ಇಳಿಸೋ ಕೊನೆ ಕೊಯ್ಲು ಶುರುವಾಯ್ತು ಅಂದ್ರೆ ಸಂಜೆಯಿಂದ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ, ಮಧ್ಯ ಹಸಿ ಅಡಕೆ ರಾಶಿ, ಅಕ್ಕಪಕ್ಕದ ಮನೆಯವ್ರು, ಕೆಲಸಕ್ಕೆ ಬಂದವ್ರು, ಆಯಿ (ನಮ್ಮ ಕಡೆ ಅಮ್ಮನಿಗೆ ಹಾಗನ್ನೋದು), ದೊಡ್ಡಾಯಿ, ಅವರ ಮಧ್ಯ ಒಂದು ಚಿಕ್ಕ ಮೆಟ್ಟುಗತ್ತಿ ನನಗೆ. ಮಣೆಯನ್ನ ಕಾಲಲ್ಲಿ ಒತ್ತಿ ಹಿಡಿದು ಅಡಕೆನ ಕತ್ತಿ ಕಡೆ ಒಯ್ಯೋದು, ಕತ್ತಿ ಅಲ್ಲಾಡಲ್ಲ, ನಮ್ಮ ಕೈ ಅಲ್ಲಾಡತ್ತೆ. ಚೊಗರಿಗೆ ಬೆರಳೆಲ್ಲ ಕಪ್ಪು, ಶಾಲೇಲಿ ಬರೆಯುವಾಗ ನೋಟ್‌ಬುಕ್ ಮೇಲೆ ಗುರುತು ಬೀಳ್ತಿತ್ತು. ಯಾರೂ ಮುಟ್ಟಬೇಡ ಅನ್ನಲಿಲ್ಲ. ಆಯಿ ಹೇಳಿದ್ದು ಎರಡೇ, ಮಾತಾಡು ಆದ್ರೆ ಕಣ್ಣು ಕತ್ತಿ ಮೇಲಿರಲಿ, ಮೊಂಡು ಕತ್ತಿ ಹಿಡೀಬೇಡ, ಮೊಂಡು ಕತ್ತಿಗೆ ಜೋರು ಹಾಕಬೇಕಾಗತ್ತೆ, ಆಗ್ಲೇ ಕೈ ಹೋಗೋದು. ಇಲ್ಲಿನ ಕಾಡಿನ ಟೀಚರ್ ಹೇಳೋದೂ ಅದನ್ನೇ.

ಹಾಗಾದ್ರೆ ನನ್ನ ಬಾಯಿಗೆ "ಮುಟ್ಟಬೇಡ" ಎಲ್ಲಿಂದ ಬಂತು? ನಡುವೆ ಬೆಂಗಳೂರಿನ ಫ್ಲ್ಯಾಟು ಇತ್ತು ಅನ್ಸತ್ತೆ. ಅಲ್ಲಿ ಅಡುಗೆಮನೆ ಕಟ್ಟೆ ಮೇಲಿನ ಚಾಕು ಮಕ್ಕಳಿಗೆ ನಿಲುಕದ ಡ್ರಾಯರಲ್ಲಿ, ಟಿವೀಲಿ ಮಚ್ಚು ಲಾಂಗು ಸುದ್ದಿ, ಹನ್ನೆರಡು ವರ್ಷದ ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿ ಕೊಡೋಕೆ ಯಾರಾದ್ರೂ ಬೇಕು. ಕತ್ತಿ ಅಂದ್ರೆ ಒಂದೋ ರೌಡಿ, ಇಲ್ಲಾ ಕೂಲಿ. ನನಗೆ ನಿಜವಾಗಲೂ ಬೇಜಾರಾಗೋದು ಈ ಎರಡನೇದು. ನಮ್ಮ ಕಡೆ ಅಡಕೆ ಮರ ಹತ್ತಿ ಕೊನೆ ಇಳಿಸೋ ಕೊನೆಗೌಡ ಬರ್ತಾರೆ, ಸೊಂಟಕ್ಕೆ ಕತ್ತಿ, ಮರದಿಂದ ಮರಕ್ಕೆ ಹಾರ್ಕೊಂಡು ತೋಟ ಮುಗಿಸ್ತಾರೆ, ಆ ಕತ್ತಿ ಯಾವ ಆಚಾರಿ ಮಾಡಿದ್ದು, ಅವ್ರ ಅಪ್ಪಂದಾ, ಹಿಡಿಗೆ ಯಾವ ಮರ ಅಂತ ಯಾರಾದ್ರೂ ಕೇಳಿದ್ದು ನಾನು ನೋಡಿಲ್ಲ. ಕೂಲಿ ಎಷ್ಟು ಅಂತ ಕೇಳ್ತೀವಿ. ಇಲ್ಲಿ ಮೇಸ್ತ್ರಿ ಚಾಕುವಿಗೂ ಬ್ಯಾಂಕ್ ಮ್ಯಾನೇಜರ್ ಚಾಕುವಿಗೂ ಒಂದೇ ಮರ್ಯಾದೆ. ಜ್ಯೂರಿಕ್ಕಲ್ಲಿರೋ ಕೊಡಗಿನ ಗೆಳತಿಗೆ ಇದನ್ನ ಹೇಳಿದ್ರೆ, ನಮ್ಮಲ್ಲಿ ಹಾಗಿಲ್ಲ ಮಾರಾಯ್ತಿ, ಪೀಚೆಕತ್ತಿ ಇಲ್ದೆ ಮದುಮಗ ಹೊರಗೇ ಬರಲ್ಲ, ಒಡಿಕತ್ತೀಲಿ ಬಾಳೆ ಕಡಿದೇ ಮದುವೆ ಅಂತ ಜೋರಾಗಿ ಹೇಳಿದ್ಲು. ಒಪ್ಕೊಂಡೆ, ಕೊಡಗಿನವರಿಗೆ ಆ ಗೌರವ ಉಳಿದಿದೆ. ನಮಗೂ ಉಳೀಬೇಕಿತ್ತು.

ಅಪರಿಚಿತರ ಜೊತೆ ಮಾತಿಗೆ ನಮ್ಮಲ್ಲೂ ಒಂದು ಸಣ್ಣ ಹತಾರ ಇತ್ತಲ್ಲ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಇಳಿಯೋ ಬಸ್ಸಲ್ಲಿ ಅಪ್ಪಯ್ಯ ಎಲೆ ಸಂಚಿ ಬಿಚ್ಚಿ ಅಡಕತ್ರಿ ತೆಗೆದ್ರೆ ಸಾಕು, ಪಕ್ಕದವ್ರು, ಹಿಂದಿನ ಸೀಟವ್ರು, ಒಂದು ಹೋಳು ಕೊಡಿ, ಸುಣ್ಣ ಇದ್ಯಾ, ಈ ಅಡಕೆ ಯಾವ ತೋಟದ್ದು, ಈ ಸಲ ರೇಟು ಹ್ಯಾಗೆ. ಘಾಟಿ ಇಳಿಯೋದ್ರೊಳಗೆ ಯಾರದೋ ಮಗಳಿಗೆ ಯಾರದೋ ಮಗನ ಜಾತಕ ಹೊಂದಿಸೋವರೆಗೂ ಮಾತು ಹೋಗಿರ್ತಿತ್ತು.

ಸೋಮವಾರ ಫೋನ್ ಮಾಡಿ ಅಪ್ಪಯ್ಯನ್ನ ಕೇಳಿದೆ, ನಿಮ್ಮ ಅಡಕತ್ರಿ ಎಲ್ಲಿಂದು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ ಶುರುವಾಯ್ತು. ಮಾರಿಕಾಂಬಾ ಜಾತ್ರೇಲಿ ತಗೊಂಡಿದ್ದು, ಎರಡು ವರ್ಷಕ್ಕೊಮ್ಮೆ ಆಗೋ ಜಾತ್ರೆ, ಅಪ್ಪಯ್ಯ ಓದೋಕೆ ಧಾರವಾಡಕ್ಕೆ ಹೊರಡೋ ವರ್ಷ ಬಂದಿತ್ತು. ಅವ್ರ ಆಯಿ ತುಪ್ಪ ಮಾರಿದ ದುಡ್ಡಲ್ಲಿ ಕೊಡಿಸಿದ್ರು. ಹಾಸ್ಟೆಲ್ಲಲ್ಲಿ ಇವ್ರ ಹವ್ಯಕ ಭಾಷೆ ಯಾರಿಗೂ ತಿಳೀದೇ, ಅವ್ರ ಬಿಜಾಪುರದ ಮಾತು ಇವ್ರಿಗೆ ತಿಳೀದೇ ಒಬ್ರೇ ಕೂತಿರೋವಾಗ ಒಬ್ಬ ಹುಡುಗ ಬಂದು "ಏನ್ಲೇ ಅದು, ತೋರ್ಸು ಇಲ್ಲೆ" ಅಂದ್ನಂತೆ. ಅವ್ರೇ, ಪ್ರತಿ ದೀಪಾವಳಿಗೆ ಫೋನ್ ಮಾಡೋ ಬಿಜಾಪುರದ ಮಾವ. ಇಷ್ಟು ವರ್ಷ ಅವ್ರು ಹ್ಯಾಗೆ ಪರಿಚಯ ಅಂತ ನನಗೆ ಗೊತ್ತಿರಲಿಲ್ಲ.

"ಈಗ ಮೊಂಡಾಗೋಜು ತಂಗಿ, ಸಾಣೆ ಹಿಡಿಯವು ಯಾರೂ ಬತ್ವಿಲ್ಲೆ" ಅಂದ್ರು ಕೊನೆಗೆ. ಸೈಕಲ್ ಮೇಲೆ ಸಾಣೆಕಲ್ಲು ಕಟ್ಕೊಂಡು ಮನೆಮನೆಗೆ ಬರ್ತಿದ್ದವರು ಬರೋದು ನಿಂತು ತುಂಬಾ ಕಾಲ ಆಯ್ತಂತೆ.

ಡಿಸೆಂಬರಲ್ಲಿ ಊರಿಗೆ ಬರ್ತಿದೀವಿ. ಒಳ್ಳೇ ಸಾಣೆಕಲ್ಲು ತರ್ತೀನಿ ಅಂದಿದೀನಿ, ಚೆಕ್-ಇನ್ ಬ್ಯಾಗಲ್ಲಿ ಹಾಕ್ಕೊಂಡು. ಆಯಿ ಹಿಂದಿನಿಂದ ಕೂಗಿ ಕೇಳಿದ್ರು, ಕೂಸಿಗೆ ಚಿಕ್ಕ ಮೆಟ್ಟುಗತ್ತಿ ಅಟ್ಟದ ಮೇಲಿಂದ ಇಳಿಸಿಡಲಾ ಅಂತ. ಇಳಿಸಿಡಿ, ಮೊದಲು ಅದಕ್ಕೇ ಸಾಣೆ ಹಿಡಿಯೋಣ ಅಂದೆ.